ಚಿಗವ್ವನ ಫ್ಲೆಕ್ಸಿಗೆ ಹಲ್ಲು ಬಂದದ್ದು

ನಮ್ಮ ಮಾಳಿಗೆಯಲ್ಲಿ ಸದ್ಯ ನಮ್ಮ ಚಿಗವ್ವನ ಹಣೆಯ ಮೇಲೆ ಮೆಣಸಿನಕಾಯಿ ಒಣಗುತ್ತಿವೆ. ಎಡಗಲ್ಲದ ಮೇಲೆ ಶಾವಿಗೆ, ಬಲಗಲ್ಲದ ಮೇಲೆ ಸಂಡಿಗೆ. ಮೂಗಿನ ಮೇಲೆ ಮಾತ್ರ ಏನೂ ಹಾಕಿಲ್ಲ. ಯಾಕೋ ಮನಸ್ಸು ಬರಲಿಲ್ಲ.

ಹೌಹಾರಬೇಡಿ! ಚಿಗವ್ವ, ಅಂದರೆ ನಮ್ಮವ್ವನ ತಂಗಿ ಮಹಾದೇವಿ, ಸಿಂದಗಿಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ನಾನು ಹೇಳುತ್ತಿರುವುದು ಅವಳ ಫ್ಲೆಕ್ಸಿನ ಬಗ್ಗೆ. ನಮ್ಮ ಕಡೆ ಫ್ಲೆಕ್ಸ್ ಹಾಳೆಗೆ ಸಾವಿಲ್ಲ. ಕಂಬದಿಂದ ಇಳಿದ ಮೇಲೆಯೇ ಅದರ ನಿಜವಾದ ಸಂಸಾರ ಶುರುವಾಗುವುದು. ಜೋಳದ ಕಣಕಿಯ ಬಣವಿಗೆ ಹೊದಿಕೆ, ಮೋಟಾರ್ ಸೈಕಲ್ಲಿಗೆ ಕೊಪ್ಪೆ, ಬಚ್ಚಲಿಗೆ ಪರದೆ, ಮಾಳಿಗೆಯಲ್ಲಿ ಕಾಳುಕಡಿ ಒಣಹಾಕಲು ಹಾಸಿಗೆ. ಇಂಡಿಯಿಂದ ಸಾಲೋಟಗಿಗೆ ಹೋಗುವ ಹಾದಿಯಲ್ಲಿ ಒಂದು ದನದ ಕೊಟ್ಟಿಗೆ ಇದೆ. ಅದರ ಬಾಗಿಲಲ್ಲಿ ಯಾರೋ ಮುಖಂಡರು ಎರಡೂ ಕೈ ಜೋಡಿಸಿ, ತುಂಬು ನಗೆಯಿಂದ, ಎಮ್ಮೆಗಳಿಗೆ ದಿನಾ ಸ್ವಾಗತ ಕೋರುತ್ತಾರೆ. ಅವರ ಜೀವನದಲ್ಲಿ ಅಷ್ಟು ನಿಯತ್ತಿನ ಮತದಾರರು ಸಿಕ್ಕಿರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಮೆಣಸಿನಕಾಯಿ ಹರವಲು ಆ ಹಾಳೆ ಬಿಚ್ಚಿದೆ. ಬಿಳಿ ಮಗ್ಗುಲು ಮೇಲೆ ಬರುವಂತೆ ಹಾಸಬೇಕಿತ್ತು, ಗಾಳಿಗೆ ಹಾಳೆ ಮಗುಚಿತು. ಚಿಗವ್ವ ಬಾಯಿ ಮುಚ್ಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಗಂಭೀರವಾಗಿ ನನ್ನನ್ನೇ ನೋಡಿದಳು. ನಾನು ಮೆಣಸಿನಕಾಯಿ ಬುಟ್ಟಿ ಹಿಡಿದೇ ಬಿದ್ದು ಬಿದ್ದು ನಕ್ಕೆ. ಕೆಳಗಿನಿಂದ ನಮ್ಮ ಮನೆಯವರು, "ಏನಾತು? ಯಾರ ಬಂದಾರ ಮ್ಯಾಲ?" ಎಂದು ಕೂಗಿದರು. "ಚಿಗವ್ವ!" ಎಂದೆ. ಅವರಿಗೆ ಅರ್ಥವಾಯಿತು. ನಿಮಗೆ ಆಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನಾನು ಇಂಡಿಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಆದರೆ ನಾನು ಓದಲು ಕಲಿತದ್ದು ಶಾಲೆಯಲ್ಲಿ ಎಂದರೆ ಸುಳ್ಳಾದೀತು. ಬಾಗೇವಾಡಿ ಹತ್ತಿರದ ನಮ್ಮ ಊರಲ್ಲಿ ಗೋಡೆಗಳೇ ನನ್ನ ಅಂಕಲಿಪಿ. ಗೊಬ್ಬರದ್ದೊಂದು ಗೋಡೆ, ಬೀಜದ್ದೊಂದು, ಸಿಮೆಂಟಿನದ್ದೊಂದು. ನನ್ನ ಪಾಟಿಚೀಲ ಕೂಡ ಗೊಬ್ಬರದ ಚೀಲದಿಂದಲೇ ಅವ್ವ ಹೊಲಿದದ್ದು. ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಸಾರಜನಕದ ಮಾಹಿತಿ ಹೊತ್ತುಕೊಂಡು ನಾನು ಒಂದನೇ ಇಯತ್ತೆಗೆ ಹೋಗುತ್ತಿದ್ದೆ. ನಾನು ಬೆಳೆಯಲಿಲ್ಲ, ಐದಡಿಗೇ ನಿಂತೆ, ಅದು ಬೇರೆ ಮಾತು.

ಬೀಜದ ಗೋಡೆಯ ಮೇಲೆ ಒಬ್ಬ ರೈತನ ಚಿತ್ರವಿತ್ತು. ಕೆಂಪು ರುಮಾಲು, ಹಿಂದೆ ಟ್ರ್ಯಾಕ್ಟರು, ಬಾಯಿ ತುಂಬ ಬಿಳಿ ಹಲ್ಲು. ನಮ್ಮಪ್ಪನೂ ರೈತನೇ. ಆದರೆ ಹೊಲದಲ್ಲಿ ಅವನ ಹಲ್ಲು ನಾನು ಕಂಡಿರಲಿಲ್ಲ. ಟ್ರ್ಯಾಕ್ಟರು ಬಂದ ದಿನ ಹಲ್ಲು ಬರುತ್ತವೆ ಎಂದು ನಾನು ಲೆಕ್ಕ ಹಾಕಿದ್ದೆ. ಒಂದು ವರ್ಷ ಬಾಡಿಗೆಯ ಟ್ರ್ಯಾಕ್ಟರು ನಮ್ಮ ಹೊಲಕ್ಕೆ ಬಂದೇ ಬಂತು. ನಾನು ಬದುವಿನ ಮೇಲೆ ಕೂತು ದಿನವಿಡೀ ಅಪ್ಪನ ಬಾಯಿಯನ್ನೇ ನೋಡಿದೆ. ಅಪ್ಪ ಡ್ರೈವರನಿಗೆ ಬೈದದ್ದು ಬಿಟ್ಟರೆ ಬಾಯಿ ತೆಗೆಯಲಿಲ್ಲ. ಚಿತ್ರವನ್ನು ನಂಬಿ ನಾನು ಮೋಸಹೋದದ್ದು ಅದೇ ಮೊದಲು. ಇನ್ನೂ ಬೇಕಾದಷ್ಟಿವೆ, ಇರಲಿ.

ಆ ಗೋಡೆಗಳ ಮೇಲೆ ಹೆಂಗಸರೂ ಇದ್ದರು, ಇಲ್ಲವೆಂದಲ್ಲ. ಸಾಬೂನಿನ ಹೆಂಗಸಿಗೆ ಹಲ್ಲೂ ಇದ್ದವು. ಆದರೆ ಅವಳು ನಮ್ಮ ಕಡೆಯವಳಲ್ಲ ಎಂಬುದು ಕೂದಲು ನೋಡಿದರೇ ಗೊತ್ತಾಗುತ್ತಿತ್ತು. ನಮ್ಮ ಕಡೆಯ ಹೆಂಗಸಿನ ಚಿತ್ರ ಅಂದರೆ ನಮ್ಮ ಪಡಸಾಲೆಯಲ್ಲಿ ಹಾರ ಹಾಕಿಕೊಂಡು ತೂಗುತ್ತಿದ್ದ ನಮ್ಮಜ್ಜಿಯ ಅತ್ತೆಯದೊಂದೇ. ಸೆರಗು ಹೊದ್ದು, ತುಟಿ ಬಿಗಿದು, ಯಾರೋ ಗದರಿಸಿದ ಹಾಗೆ ಮುಂದೆ ನೋಡುತ್ತಿದ್ದ ಮುದುಕಿ. ಅದನ್ನು ನೋಡಿ ನೋಡಿ ನಮ್ಮಜ್ಜಿಗೆ ಫೋಟೋ ಅಂದರೆ ಜೀವ ಹೋದಂತಾಗುತ್ತಿತ್ತು. ಮದುವೆ ಮುಂಜಿಗಳಲ್ಲಿ ಗುಂಪಿನಲ್ಲಿ ಸುಮ್ಮನೆ ನಿಲ್ಲುವಳು. ಫೋಟೋದವನು "ಆಯಿ, ನೀವ್ ಒಬ್ಬರ ನಿಲ್ರಿ" ಅಂದನೋ, ಕೈಗೆ ಸಿಕ್ಕ ಮೊಮ್ಮಗಳನ್ನು ಎಳೆದು ಮುಂದೆ ಹಿಡಿಯುವಳು.

"ಒಬ್ಬಾಕೀದs ತಗೀಬ್ಯಾಡ್ರೋ! ಗ್ವಾಡಿಗಿ ಹಾಕ್ತೀರಿ ನೀವು!"

ನಾವೆಲ್ಲ ನಗುತ್ತಿದ್ದೆವು. ಅಜ್ಜಿ ಒಂದು ದೊಡ್ಡ ನಿಯಮವನ್ನೇ ಹೇಳುತ್ತಿದ್ದಾಳೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಈಗ ನಮ್ಮ ಊರುಗಳ ಗೋಡೆ ಯಾರು ನೋಡುತ್ತಾರೆ, ಎಲ್ಲ ಫ್ಲೆಕ್ಸೇ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಯಾವ ಊರಿಗಾದರೂ ಹೋಗಿ. ಬಸ್ಸಿನ ಕಿಟಕಿ ಸಿಕ್ಕಿತೆಂದರೆ ನನಗೆ ಹಬ್ಬ. ಒಬ್ಬ ಕಪ್ಪು ಕನ್ನಡಕ ಹಾಕಿ ಕಿವಿಗೆ ಫೋನು ಹಿಡಿದು ಎಲ್ಲೋ ದೂರ ನೋಡುತ್ತಿರುತ್ತಾನೆ. ಹುಟ್ಟುಹಬ್ಬದ ದಿನ ಕೂಡ ಯಾರ ಜೊತೆ ಅಷ್ಟು ಅವಸರದ ಮಾತೋ! ಇನ್ನೊಬ್ಬನ ಹಿಂದೆ ಸಿಂಹ. ಮತ್ತೊಬ್ಬ ಏನೂ ಇಲ್ಲದಿದ್ದರೂ ನಡೆದುಕೊಂಡು ಬರುತ್ತಿರುತ್ತಾನೆ, ಅದೇ ಅವನ ಸಾಧನೆ. ಕೆಳಗೆ ಸಾಲಾಗಿ ಗೆಳೆಯರ ಮುಖಗಳು, ಹಲಗೆಯ ಮೇಲೆ ಜೋಡಿಸಿದ ಉಂಡಿಯ ಹಾಗೆ. ಯಾರೂ ಅದರಲ್ಲಿ ಅಕ್ಷರ ಓದುವುದಿಲ್ಲ, ಓದುವ ಅಗತ್ಯವೂ ಇಲ್ಲ. ಕನ್ನಡಕ ಕಂಡರೆ ಹುಟ್ಟುಹಬ್ಬ, ಕೈ ಮುಗಿದರೆ ಚುನಾವಣೆ, ಹೂವಿನ ಹಾರ ಹಾಕಿಸಿಕೊಳ್ಳುತ್ತಿದ್ದರೆ ಗೆದ್ದಿದ್ದಾನೆ, ಹಾರ ಫೋಟೋದ ಚೌಕಟ್ಟಿಗೇ ಇದ್ದರೆ ಹೋಗಿದ್ದಾನೆ. ಬಸ್ಸು ಗೇರು ಬದಲಿಸುವುದರೊಳಗೆ ಕಣ್ಣು ಇಷ್ಟನ್ನೂ ಓದಿ ಮುಗಿಸಿರುತ್ತದೆ. ನಾವು ಚಿತ್ರ ನೋಡುತ್ತೇವೆ ಅಂದುಕೊಂಡಿದ್ದೇವೆ. ನೋಡುವುದು ಹೇಗೆಂದು ಚಿತ್ರಗಳೇ ನಮಗೆ ಕಲಿಸಿಟ್ಟಿವೆ.

ಹೆಂಗಸರ ವಿಷಯಕ್ಕೆ ಬಂದರೆ, ಗಂಡನ ಪಕ್ಕದಲ್ಲಿ ಇದ್ದರೆ ವಾರ್ಷಿಕೋತ್ಸವ. ಒಬ್ಬಳೇ ಇದ್ದರೆ? ಒಬ್ಬಳೇ ಇದ್ದರೆ ನನ್ನ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು. "ಶಿವನೇ, ಯಾರ ಮನಿಯಾಕಿನೋ, ಪಾಪ." ಅಕ್ಷರ ನೋಡುವ ಮೊದಲೇ ಹೋಗುತ್ತಿತ್ತು. ಒಮ್ಮೆಯೂ ತಪ್ಪಾಗುತ್ತಿರಲಿಲ್ಲ. ಆದರೂ ಅದನ್ನು ಒಂದು ಸಂಗತಿ ಎಂದು ನಾನು ಗಮನಿಸಿರಲಿಲ್ಲ, ಚಿಗವ್ವನ ಖಾನಾವಳಿ ಶುರುವಾಗುವ ತನಕ.

ಚಿಗವ್ವನ ರೊಟ್ಟಿ ಅಂದರೆ ಏನು ಹೇಳಲಿ! ತೆಳ್ಳಗೆ, ದುಂಡಗೆ, ಬಿಳಿಜೋಳದ ರೊಟ್ಟಿ. ಒಣಗಿಸಿ ಕಟಕ ಮಾಡಿದರೆ ತಿಂಗಳು ಇಟ್ಟರೂ ಮುರಿದಾಗ ಅದೇ ಸದ್ದು. ವರ್ಷಗಟ್ಟಲೆ ಅವಳು ಮನೆಯಲ್ಲೇ ಬಡಿದು ಹಾಸ್ಟೆಲ್ಲುಗಳಿಗೆ, ಮದುವೆಗಳಿಗೆ ಕೊಟ್ಟಳು. ಸಿಂದಗಿಯಲ್ಲಿ ಅದಕ್ಕೆ ಹೆಸರೂ ಬಂತು. ಏನಂತ? "ಮಲ್ಲಪ್ಪನ ರೊಟ್ಟಿ" ಅಂತ! ಮಲ್ಲಪ್ಪ ಅಂದರೆ ಅವಳ ಗಂಡ, ನಮ್ಮ ಕಾಕಾ. ಕಾಳುಕಡಿಯ ಅಡತಿ ಅಂಗಡಿಯಲ್ಲಿ ಕೆಲಸ ಮಾಡಿದ ಮೆತ್ತನೆಯ ಮನುಷ್ಯ. ಹಿಟ್ಟು ನಾದಲು ಕೊಟ್ಟರೆ ಕೈಗೇ ಅಂಟಿಸಿಕೊಂಡು ನಿಲ್ಲುವಂಥವನು. ಸೈಕಲ್ಲಿನ ಮೇಲೆ ಡಬ್ಬಿ ಮುಟ್ಟಿಸುತ್ತಿದ್ದವನು ಅವನಾದ್ದರಿಂದ ರೊಟ್ಟಿ ಅವನ ಹೆಸರಿಗೆ ಬಿತ್ತು. ಮದುವೆ ಮನೆಗಳಲ್ಲಿ ಮಂದಿ ಅವನ ಬೆನ್ನು ತಟ್ಟಿ, "ಏನ್ ಕೈ ಐತೋ ಮಲ್ಲಪ್ಪಾ ನಿಂದು!" ಎನ್ನುವರು. ಕಾಕಾ ನಾಚಿ, ಡಬ್ಬಿ ತೆಗೆದುಕೊಂಡು ಮನೆಗೆ ಬರುವನು.

ಒಂದು ದಿನ ಚಿಗವ್ವ ನನಗೆ ಫೋನು ಮಾಡಿದಳು.

"ಸುವ್ವೀ, ಪಡಸಾಲ್ಯಾಗ ಖಾನಾವಳಿ ತಗೀತೇನಿ. ಬೋರ್ಡಿನ ಮ್ಯಾಲ ನನ್ನ ಹೆಸರ. ಹೆಸರಷ್ಟ ಅಲ್ಲ, ನನ್ನ ಮಾರಿ ಫೋಟೋನೂ ಇರಬೇಕು. ಒಂದ್ಸಲರೆ ಮಂದಿ ನನ್ನ ಮಾರಿ ನೋಡಿ ನನ್ನ ರೊಟ್ಟಿ ತಿನ್ನಲಿ."

ಅವಳ ದನಿಯಲ್ಲಿ ಏನೋ ಇತ್ತು. "ಭೇಶ್ ಚಿಗವ್ವಾ!" ಎಂದು ಶಾಲೆಯ ವರಾಂಡದಲ್ಲೇ ಕೂಗಿಬಿಟ್ಟೆ.

ಒಂದೇ ಅಡ್ಡಿ, ನಾಲತವಾಡದ ಮಾವ. ಚಿಗವ್ವನ ಅಣ್ಣ, ನನಗೆ ಸೋದರಮಾವ. ಪ್ರೀತಿ ಬಹಳ, ಗಂಟಲು ಅದಕ್ಕಿಂತ ಬಹಳ. ಹಿಂದೊಮ್ಮೆ ಈ ಮಾತು ಬಂದಾಗ ಅವನು ತಾಟು ಸರಿಸಿ ಎದ್ದಿದ್ದ. "ರೊಟ್ಟಿ ಬಡಿ, ಬ್ಯಾಡ ಅನ್ನಂಗಿಲ್ಲ. ನಮ್ಮ ಮನಿ ಹೆಣ್ಮಗಳ ಮಾರಿ ರಸ್ತಾದಾಗ ತೂಗಹಾಕೂದು ಮಾತ್ರ ಬ್ಯಾಡ!" ಹಾಗಾಗಿ ಚಿಗವ್ವ ನಿರ್ಧಾರ ಮಾಡಿದಳು, ಬೀಗರು ಬಿಜ್ಜರು ಯಾರಿಗೂ ಹೇಳುವುದಿಲ್ಲ. ಶುರುವಾಗಲಿ, ಆಮೇಲೆ ಹೇಳಿದರಾಯಿತು.

ಫ್ಲೆಕ್ಸಿನ ಜವಾಬ್ದಾರಿ ನನಗೆ ಬಂತು. ಕನ್ನಡ ಕಲಿಸುವವಳಲ್ಲವೇ, ಅಕ್ಷರದ ತಪ್ಪಾಗಬಾರದಲ್ಲ! ಚಿಗವ್ವ ಹೋಗಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು ಬಂದಳು. ಅಲ್ಲಿಯವನು "ಅಕ್ಕಾರ, ಬಾಯಿ ಮುಚ್ರಿ, ಸೆರಗ ಸರಿ ಮಾಡ್ಕೋರಿ, ಅಲುಗಬ್ಯಾಡ್ರಿ" ಅಂದನಂತೆ. ಫೋಟೋ ನೋಡಿ ನಾನೂ ತಲೆ ಆಡಿಸಿದೆ. "ಗಂಭೀರ ಐತಿ ಚಿಗವ್ವಾ. ಖಾನಾವಳಿ ಮಾಲಕಿ ಅಂದ್ರ ಹಿಂಗ ಇರಬೇಕು." ನನ್ನ ಮಾತು ಕೇಳುವವರಿಗೆ ಯಾವಾಗಲೂ ಹೀಗೇ ಆಗುವುದು.

ಸಿಂದಗಿಯಲ್ಲಿ ಫ್ಲೆಕ್ಸ್ ಮಾಡುವ ಈರಣ್ಣ ನನ್ನದೇ ವಯಸ್ಸಿನವನು. ಕಂಪ್ಯೂಟರಿನಲ್ಲಿ ನಮೂನೆಗಳನ್ನು ತೆಗೆದು ತೆಗೆದು ತೋರಿಸಿದ. ಹೆಂಗಸೊಬ್ಬಳದೇ ದೊಡ್ಡ ಫೋಟೋ ಕೂಡುವಂಥದು ಸಿಗಲೇ ಒಲ್ಲದು. ಕಡೆಗೆ ಒಂದು ಸಿಕ್ಕಿತು. ತಿಳಿನೀಲಿ ಆಕಾಶ, ಬಿಳಿ ಮೋಡ, ಸುತ್ತ ಚೆಂಡುಹೂವಿನ ಅಂಚು, ನಡುವೆ ದುಂಡನೆಯ ಜಾಗ. ಆಹಾ, ಎಷ್ಟು ಚಂದ! ಅದರ ಕೆಳಗೆ ಒಂದು ದೀಪವಿತ್ತು. ಈರಣ್ಣ ಅದನ್ನು ಅಳಿಸಿ, ಆ ಜಾಗದಲ್ಲಿ ರೊಟ್ಟಿಯ ಬುಟ್ಟಿ ಇಟ್ಟ. ಅದರ ಅಡಿಗೆ "ಮಹಾದೇವಿ ಖಾನಾವಳಿ, ಶುಭಾರಂಭ" ಎಂದು ನಾನು ಅಕ್ಷರ ಅಕ್ಷರ ತಿದ್ದಿ ಬರೆಸಿದೆ. ದೀಪ ಅಲ್ಲೇಕಿತ್ತು ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಶುಭಾರಂಭದ ದಿನ ಶಾಲೆಗೆ ರಜೆ ಹಾಕಿ ಬೆಳಿಗ್ಗೆಯೇ ಸಿಂದಗಿ ಮುಟ್ಟಿದೆ. ಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಖುರ್ಚಿ. ಮನೆ ಬಸ್ ಸ್ಟ್ಯಾಂಡಿಗೆ ಹೋಗುವ ರಸ್ತೆಯಲ್ಲೇ ಇರುವುದರಿಂದ ಫ್ಲೆಕ್ಸನ್ನು ಮುಂದೆಯೇ ಎತ್ತರಕ್ಕೆ ಕಟ್ಟಿದ್ದರು. ಅದರ ಕೆಳಭಾಗಕ್ಕೆ ಅಡ್ಡವಾಗಿ, ದಿನಾ ಅಲ್ಲಿ ನಿಲ್ಲುವ ಹಣ್ಣಿನ ಗಾಡಿಯೊಂದು ಎಂದಿನಂತೆ ಬಂದು ನಿಂತಿತ್ತು. ಗಾಡಿಯ ಕೊಡೆಯ ಮೇಲೆ ಚಿಗವ್ವನ ಮುಖ ಮತ್ತು ಮೋಡಗಳು ಮಾತ್ರ ಕಾಣುತ್ತಿದ್ದವು. ಒಳಗೆ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಬದನೆಕಾಯಿ ಎಣಗಾಯಿ, ಝುಣಕ, ಶೇಂಗಾ ಹಿಂಡಿ, ಕೆನೆಮೊಸರು, ಎಲ್ಲ ತಯಾರು. ಕಾಕಾ ಹಿತ್ತಲಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಅವನಿಗೆ ಒಪ್ಪಿಸಬಹುದಾದ ಕೆಲಸ ಅದೊಂದೇ.

ಗಿರಾಕಿ ಮಾತ್ರ ಬರಲೊಲ್ಲರು! ಹೋಗಿ ಬರುವವರು ಫ್ಲೆಕ್ಸ್ ನೋಡುವರು, ನಿಲ್ಲುವರು, ಹಣೆ ಮುಟ್ಟಿಕೊಳ್ಳುವರು, ಮುಂದೆ ಹೋಗುವರು. ಒಬ್ಬ ಮುದುಕ ಟೋಪಿ ತೆಗೆದು ಕೈ ಮುಗಿದ. ಹಿತ್ತಲಿಂದ ಇಣುಕಿದ ಕಾಕಾ ಗದ್ಗದನಾಗಿ ಅಂದ, "ಎಷ್ಟ ಮರ್ಯಾದಿ ಕೊಡ್ತಾರ ನೋಡ ಸಿಂದಗಿ ಮಂದಿ!"

ಅಷ್ಟರಲ್ಲಿ ರಸ್ತೆಯ ಆ ತುದಿಯಿಂದ ಒಂದು ಅಳು ಕೇಳಿಸಿತು.

ಆಲಮೇಲದ ಗುರುಬಾಯಿ ಅತ್ತಿ. ಕಾಕಾನ ಅಕ್ಕ. ನಮ್ಮ ಬಳಗದಲ್ಲಿ ಹಾಡಾಡಿಕೊಂಡು ಅಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಬಸ್ಸಿಂದ ಇಳಿದ ಗಳಿಗೆಯಿಂದಲೇ ಶುರು ಮಾಡಿದ್ದಳು. ಮುಖದ ಮೇಲೆ ಸೆರಗು, ಹಿಂದೆ ಇನ್ನೂ ಕೆಲವು ಹೆಂಗಸರು, ಎಲ್ಲರ ಕಂಕುಳಲ್ಲಿ ಬಟ್ಟೆಯ ಗಂಟು.

"ಎಂಥಾ ಕೈ ಇದ್ವ ನನ್ನವ್ವಾ... ರೊಟ್ಟಿ ಬಡದ್ರ ಚಂದ್ರಾಮ ಇಳದ ಬರ್ತಿದ್ದಾ... ಯಾರ ಉಣಿಸ್ತಾರ ಇನ್ನ ನಮಗಾ..."

ಚಿಗವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಯಾರೋ ಹತ್ತಿರದವರು ಹೋಗಿದ್ದಾರೆ, ಇನ್ನೇನು? ಯಾರು ಎಂದು ಕೇಳಲು ಅಲ್ಲಿ ಪುರುಸೊತ್ತೆಲ್ಲಿ! ಅತ್ತಿಯ ಕೊರಳಿಗೆ ಬಿದ್ದು ಅವಳೂ ಅತ್ತಳು. ಇಬ್ಬರೂ ಅತ್ತರು. ಸುತ್ತಲಿನವರೂ ಅತ್ತರು. ನನಗೂ ಕಣ್ಣು ತುಂಬಿತು, ಯಾಕೆಂದು ಗೊತ್ತಿಲ್ಲ. ಅದೇ ಹೊತ್ತಿಗೆ ಕಾಕಾ ಹಿತ್ತಲಿಂದ ಬಂದ. ಉಳ್ಳಾಗಡ್ಡಿಯ ಖಾರಕ್ಕೆ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು. ಅವನನ್ನು ಆ ಸ್ಥಿತಿಯಲ್ಲಿ ಕಂಡು ಹೆಂಗಸರ ಅಳು ಮುಗಿಲು ಮುಟ್ಟಿತು.

ಕಡೆಗೆ ಚಿಗವ್ವ ಬಿಕ್ಕುತ್ತಾ ಕೇಳಿದಳು. "ಯಕ್ಕಾ, ಯಾರ ಹ್ವಾದ್ರ? ಹೇಳರೆ ಹೇಳ."

ಗುರುಬಾಯಿ ಅತ್ತಿ ಸೆರಗು ಸರಿಸಿದಳು. ತನ್ನನ್ನು ಅಪ್ಪಿಕೊಂಡ ಮುಖ ನೋಡಿದಳು. ಮೇಲಿನ ಫ್ಲೆಕ್ಸ್ ನೋಡಿದಳು. ಮತ್ತೆ ಮುಖ ನೋಡಿದಳು.

"ನೀನs!" ಎಂದು ಚೀರಿ ಅಲ್ಲೇ ಖುರ್ಚಿಯಲ್ಲಿ ಕೂತುಬಿಟ್ಟಳು.

ಆಮೇಲೆ ನಡೆದದ್ದೇನೆಂದು ಬಿಡಿಸಿದೆವು. ನಮ್ಮ ದೊಡ್ಡಪ್ಪನ ಮಗ ಶಿವು ಬೆಳಿಗ್ಗೆ ಆಲಮೇಲದ ಬಸ್ಸಿನಲ್ಲಿ ಹೋಗುವಾಗ ಫ್ಲೆಕ್ಸ್ ಕಂಡಿದ್ದಾನೆ. ಗಾಡಿಯ ಸಂದಿಯಲ್ಲಿ ಖಾನಾವಳಿ ಎಂಬ ಅಕ್ಷರವನ್ನೂ ಕಂಡಿದ್ದಾನೆ. ಖುಷಿಯಾಗಿ ಕಿಟಕಿಯಿಂದ ಫೋಟೋ ಹೊಡೆದು, ಬಳಗದ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ಕೈ ಮುಗಿಯುವ ಚಿಹ್ನೆ ಒತ್ತಿದ್ದಾನೆ. ಅಭಿನಂದನೆ ಅಂತ! ಫೋಟೋದಲ್ಲಿ ಬಂದದ್ದು ಮುಖ, ಮೋಡ, ಚೆಂಡುಹೂವು. ನೋಡಿದ ಮೊದಲನೆಯವರು ತಾವೂ ಕೈ ಮುಗಿದರು, ಅಯ್ಯೋ ಅಂತ. ಎರಡನೆಯವರು ಅದರ ಕೆಳಗೆ ಓಂ ಶಾಂತಿ ಹಾಕಿದರು. ಆಮೇಲೆ ಕೇಳಬೇಕೇ! ಒಬ್ಬರೂ ಸುಳ್ಳು ಹೇಳಲಿಲ್ಲ, ಒಬ್ಬರೂ ಸತ್ತಳು ಎಂದು ಬರೆಯಲಿಲ್ಲ. ಜೋಡಿಸಿದ ಎರಡು ಕೈಗಳು ಸಿಂದಗಿಯಿಂದ ಹೊರಡುವಾಗ ಅಭಿನಂದನೆಯಾಗಿದ್ದವು, ನಾಲತವಾಡ ಮುಟ್ಟುವಾಗ ಶ್ರದ್ಧಾಂಜಲಿಯಾಗಿದ್ದವು!

ಫೋನು ಮಾಡಿ ಕೇಳಬಾರದಿತ್ತೇ ಅನ್ನುತ್ತೀರಿ. ಸಾವಿನ ಸುದ್ದಿ ಬಂದ ಮೇಲೆ ಫೋನು ಮಾಡಿ "ಖರೇನ?" ಎಂದು ಖಾತ್ರಿ ಮಾಡಿಕೊಳ್ಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಎದ್ದು ಹೋಗಬೇಕು, ಅಷ್ಟೆ. ಇನ್ನು ನಾನು? ಆ ಗುಂಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಬಂದು ಬೀಳುತ್ತವೆ ಎಂದು ಅದರ ಸದ್ದೇ ಅಡಗಿಸಿಟ್ಟಿದ್ದೆ.

ನಗು ಇನ್ನೂ ಬಾಯಿಗೆ ಬಂದಿರಲಿಲ್ಲ, ಆಗಲೇ ಒಂದು ಜೀಪು ಬಂದು ನಿಂತಿತು. ನಾಲತವಾಡದ ಮಾವ. ನಾನು ಆ ಮನುಷ್ಯನನ್ನು ಹಾಗೆ ಎಂದೂ ಕಂಡಿಲ್ಲ. ರುಮಾಲಿಲ್ಲ, ಅಂಗಿಯ ಗುಂಡಿ ಮೇಲೆ ಕೆಳಗೆ. ಇಳಿದವನು ಯಾರನ್ನೂ ನೋಡಲಿಲ್ಲ, ನೇರವಾಗಿ ಫ್ಲೆಕ್ಸಿನ ಕೆಳಗೆ ಹೋಗಿ ನಿಂತ. ಮುಖ ಎತ್ತಿ ಅದನ್ನೇ ನೋಡಿದ.

"ಸತ್ತ ಮ್ಯಾಲರೆ ನಿನ್ನ ಮಾರಿ ರಸ್ತಾಕ್ಕ ಬಂತಲ್ಲ ತಂಗಿ! ಇದ್ದಾಗ ನಾ ಬಿಡಲಿಲ್ಲಲ್ಲ!" ಎಂದು ಅಷ್ಟು ದೊಡ್ಡ ಗಂಟಲಿನವನು ದನಿಯೇ ಇಲ್ಲದೆ ಅತ್ತ.

ಈಗ ಇವನಿಗೆ ಹೇಳುವವರಾರು? ಸತ್ಯ ತಿಳಿದ ಮೇಲೆ ಈ ಅಳು ಸಿಟ್ಟಾಗಿ ತಿರುಗಿದರೆ? ಶಾಮಿಯಾನ ಕಿತ್ತೊಗೆದರೆ? ಖಾನಾವಳಿ ಶುರುವಾಗುವ ಮೊದಲೇ ಮುಚ್ಚಿತು ಎಂದೇ ನನಗನಿಸಿತು. ಕಾಕಾ ಹೋಗಿ ಶಾಮಿಯಾನದ ಗಳವನ್ನು ಗಟ್ಟಿಯಾಗಿ ಹಿಡಿದುಕೊಂಡ. ಚಿಗವ್ವನೇ ಮುಂದೆ ಹೋದಳು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹಿಂದಿನಿಂದ ಅವನ ತೋಳು ಮುಟ್ಟಿದಳು.

"ಯಣ್ಣಾ, ಇಲ್ಲೇ ಅದೇನಿ."

ಮಾವ ತಿರುಗಿದ. ಎಷ್ಟೋ ಹೊತ್ತು ನೋಡಿದ. ಅವಳ ಕೈ ಹಿಡಿದು ಒತ್ತಿ ನೋಡಿದ, ಜೋಳದ ತೆನೆ ಬಲಿತಿದೆಯೋ ಇಲ್ಲವೋ ಎಂದು ಒತ್ತಿ ನೋಡುವ ಹಾಗೆ. ಚಿಗವ್ವ ಎಲ್ಲ ಹೇಳಿದಳು. ಖಾನಾವಳಿ, ಹೆಸರು, ಹೇಳದೆ ಮಾಡಿದ್ದು, ಎಲ್ಲ. ಕಡೆಗೆ ಅಂದಳು, "ಬೈಯೂದಿದ್ರ ಈಗ ಬೈದ ಬಿಡು. ನಿಂತೇನಿ."

ಮಾವ ಬಾಯಿ ತೆಗೆದ. ಕಣ್ಣಿಂದ ಇನ್ನೂ ನೀರು ಇಳಿಯುತ್ತಿತ್ತು.

"ಇದs ಕಣ್ಣೀಲೆ ಅತ್ತು, ಇದs ಬಾಯೀಲೆ ಹೆಂಗ ಬೈಲೇ ಖೋಡಿ! ಜೀವಂತ ಅದಿಯಲ್ಲ, ಸಾಕು. ರೊಟ್ಟಿ ಮಾರು, ಹೋಳಿಗಿ ಮಾರು, ನಿನ್ನ ಮಾರಿ ಮಾಳಿಗಿ ಮ್ಯಾಲ ಬೇಕಾದ್ರ ಕಟ್ಟು!"

ಆಗ ಚಿಗವ್ವ ನಕ್ಕಳು ನೋಡಿ! ಬಾಯಿ ತುಂಬ, ತಲೆ ಹಿಂದಕ್ಕೆ ಚೆಲ್ಲಿ, ಸೆರಗು ಜಾರಿ, ಗಲ್ಲದ ಮೇಲೆ ಹಿಟ್ಟು, ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿ ಕಾಣುವಂತೆ. ನಾನು ಯಾವ ಪುಣ್ಯದಿಂದಲೋ ಆ ಗಳಿಗೆಯಲ್ಲಿ ಫೋನು ತೆಗೆದು ಫೋಟೋ ಹೊಡೆದೆ.

ಈಗ ಹೊಸ ತೊಡಕು. ಬಂದವರ ಕಂಕುಳಲ್ಲಿ ಗಂಟುಗಳಿದ್ದವಲ್ಲ, ಅವು ಬುತ್ತಿ! ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ ಎಂದು ಬಳಗದವರು ಕಟ್ಟಿ ತರುವ ರೊಟ್ಟಿ ಪಲ್ಯ. ಖಾನಾವಳಿ ಶುರುವಾದ ದಿನ, ಗಿರಾಕಿ ಒಬ್ಬರೂ ಇಲ್ಲ, ಬಂದವರೆಲ್ಲ ಊಟ ಕಟ್ಟಿಕೊಂಡೇ ಬಂದಿದ್ದಾರೆ! ಜಗತ್ತಿನಲ್ಲಿ ಯಾವ ಖಾನಾವಳಿಗೂ ಇಂಥ ಶುಭಾರಂಭ ಆಗಿರಲಿಕ್ಕಿಲ್ಲ. ಕಾಕಾ ಮೆಲ್ಲಗೆ ಅಂದ, "ಸೂತಕದ ಬುತ್ತಿ ಒಳಗ ಬರೂದು ಚಲೋ ಅಲ್ಲ..."

"ಸತ್ತಾಕಿ ಯಾರ? ಸೂತಕ ಯಾರ್ದ?" ಎಂದಳು ಚಿಗವ್ವ. "ನನ್ನ ಸಲುವಾಗಿ ಕಟ್ಟಿದ ಬುತ್ತಿ. ನಾನs ಉಣತೇನಿ. ಬಿಚ್ಚರಿ ಎಲ್ಲಾರೂ! ನೀವ್ ನಂದ ಉಣ್ರಿ, ನಾ ನಿಮ್ದ ಉಣತೇನಿ."

ಎಲ್ಲರೂ ಸುದ್ದಿ ಕೇಳಿದಾಗಿನಿಂದ ಬಾಯಿಗೆ ನೀರೂ ಹಾಕಿರಲಿಲ್ಲ. ಸಾಲಾಗಿ ಕೂತರು. ಆ ಊಟದ ಸದ್ದು, ನಗು, ಒಬ್ಬರನ್ನೊಬ್ಬರು ಅಣಕಿಸುವುದು! ಗುರುಬಾಯಿ ಅತ್ತಿಯ ಹಾಡನ್ನು ಮತ್ತೊಮ್ಮೆ ಹಾಡಿಸಿ, ಈ ಸಲ ಎಲ್ಲರೂ ಚಪ್ಪಾಳೆ ಹೊಡೆದರು. "ಜೀವಂತ ಇದ್ದಾಗ ಇಷ್ಟ್ ಹೊಗಳಲಿಲ್ಲಲ್ಲ ಯಕ್ಕಾ" ಎಂದು ಚಿಗವ್ವ ಕಾಲೆಳೆದರೆ, ಅತ್ತಿ "ಜೀವಂತ ಇದ್ದಾಕಿನ್ನ ಹೊಗಳಿದ್ರ ತಲಿ ಮ್ಯಾಲ ಕುಂಡರ್ತಾಳ" ಎಂದು ಎಣಗಾಯಿ ಬಾಯಿಗಿಟ್ಟಳು. ಮನೆಯೊಳಗೆ ಅಷ್ಟು ಗದ್ದಲ ಕೇಳಿ ದಾರಿಹೋಕರು ಇಣುಕಿದರು. ಶ್ರದ್ಧಾಂಜಲಿ ಫ್ಲೆಕ್ಸಿನ ಕೆಳಗೆ ಮಂದಿ ಕೇಕೆ ಹಾಕಿ ಉಣ್ಣುವುದನ್ನು ಯಾರು ಕಂಡಿದ್ದಾರೆ! ಏನೆಂದು ಕೇಳಲು ಒಳಗೆ ಬಂದವರು ಉಂಡು ಹೋದರು. ಟೋಪಿ ತೆಗೆದಿದ್ದ ಮುದುಕನೂ ಬಂದ. ಮಾವ ತಾನೇ ಎದ್ದು ಬಡಿಸಿದ.

ಊಟ ಮುಗಿದ ಮೇಲೆ ಫ್ಲೆಕ್ಸಿನ ಪಂಚಾಯ್ತಿ. ಈರಣ್ಣನನ್ನು ಕರೆಸಿದರು. ಅವನು ತಲೆ ತುರಿಸಿಕೊಂಡು, "ಹೆಣ್ಮಕ್ಕಳ ಒಬ್ಬರದ ಫೋಟೋ ಕೂಡೂದು ಅದೊಂದ ನಮೂನಿ ಇತ್ರಿ ನಮ್ಮಲ್ಲಿ. ಶ್ರದ್ಧಾಂಜಲಿದು. ಗಂಡಸರಿಗಾದ್ರ ರಗಡ ಅದಾವ್ರಿ" ಎಂದ. ನನ್ನ ಅಜ್ಜಿಯ ಮಾತು ಆಗ ಥಟ್ಟನೆ ನೆನಪಾಯಿತು. ಗ್ವಾಡಿಗಿ ಹಾಕ್ತೀರಿ ನೀವು! ಗೋಡೆ ಹೋಗಿ ಫ್ಲೆಕ್ಸ್ ಬಂದಿದೆ, ಬಣ್ಣ ಬಂದಿದೆ, ಮೋಡ ಬಂದಿವೆ. ನಿಯಮ ಮಾತ್ರ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ.

ಈರಣ್ಣನೇ ಉಪಾಯವನ್ನೂ ಹೇಳಿದ. "ಕಾಕಾರದು, ಮಾಂವಾರದು, ಇನ್ನಿಬ್ಬರದು ಫೋಟೋ ಕೆಳಗ ಹಚ್ಚೂನ್ರಿ. ನಾಕ ಗಂಡಸರ ಇದ್ರ ಅಕ್ಕಾರ ಜೀವಂತ ಕಾಣ್ತಾರ್ರಿ."

ಮಾವನಿಗೂ ಸರಿ ಕಂಡಿತು. ಕಾಕಾ ಆಗಲೇ ಕೂದಲು ಸರಿ ಮಾಡಿಕೊಳ್ಳತೊಡಗಿದ್ದ. ಚಿಗವ್ವ ತಾಟು ಎತ್ತುತ್ತಿದ್ದವಳು ನಿಂತಳು.

"ನಾ ಜೀವಂತ ಅದೇನಿ ಅಂತ ಹೇಳಾಕ ನಾಕ ಗಂಡಸರ ಸಾಕ್ಷಿ ಬೇಕೇನೋ ಈರಣ್ಣಾ?"

ನಾನು ಫೋನು ತೆಗೆದು ಆಗ ಹೊಡೆದ ಫೋಟೋ ತೋರಿಸಿದೆ. ಈರಣ್ಣ ಬೆಚ್ಚಿದ. "ಹಲ್ಲ ಕಾಣ್ತಾವಲ್ರಿ!" ಚಿಗವ್ವ ಫೋನು ಇಸಿದುಕೊಂಡು ನೋಡಿದಳು. ತನ್ನ ಮುಖವನ್ನು ಅವಳು ಹಾಗೆ ಕಂಡಿರಲೇ ಇಲ್ಲವೇನೋ. ಬೆರಳಿಂದ ಆ ಹಲ್ಲಿನ ಸಂದಿಯನ್ನು ಮೆಲ್ಲಗೆ ಮುಟ್ಟಿದಳು, ಚಿತ್ರ ದೊಡ್ಡದಾಯಿತು.

"ಇದನ್ನs ಹಾಕು," ಎಂದಳು. "ಮೋಡ ಬ್ಯಾಡ, ಹೂ ಬ್ಯಾಡ. ಹಿಂದ ಒಲಿ ಇರಲಿ. ಹಲ್ಲ ಅಳಿಸಿದ್ರ ನೋಡ ಮತ್ತ."

ಮೊದಲ ಕೆಲವು ದಿನ ಸಿಂದಗಿಯಲ್ಲಿ ಗುಸುಗುಸು ಆಯಿತೆನ್ನಿ. ನಡುರಸ್ತೆಯಲ್ಲಿ ಹೆಂಗಸು ಹಲ್ಲು ತೋರಿಸುತ್ತಾಳೆ ಅಂದರೇನು! ಆದರೆ ಹಸಿದವನ ಕಣ್ಣು ಬೇಗ ಕಲಿಯುತ್ತದೆ. ಈಗ ಹಳ್ಳಿಯಿಂದ ಬಂದವರು ಹೆಸರು ಕೇಳುವುದಿಲ್ಲ, "ಆ ನಗೂ ಆಯಿ ಖಾನಾವಳಿ ಎಲ್ಲೈತ್ರಿ?" ಎನ್ನುತ್ತಾರೆ. ಮಲ್ಲಪ್ಪನ ರೊಟ್ಟಿ ಎನ್ನುವುದನ್ನು ನಾನು ಕೇಳಿ ಬಹಳ ದಿನವಾಯಿತು. ಕಾಕಾನಿಗೆ ಬೇಸರವಿಲ್ಲ, ಉಳ್ಳಾಗಡ್ಡಿ ಹೆಚ್ಚುವುದರಲ್ಲಿ ಅವನ ಕೈ ಈಗ ಚೆನ್ನಾಗಿ ಪಳಗಿದೆ. ಮೋಡದ ಫ್ಲೆಕ್ಸನ್ನು ಎಸೆಯಲು ಯಾರಿಗೂ ಧೈರ್ಯ ಸಾಲದೆ ಅದು ನನ್ನ ಮಾಳಿಗೆಗೆ ಬಂತು.

ಮೊನ್ನೆ ಒಂದು ಮದುವೆಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಬಸ್ಸು ಸರ್ಕಲ್ಲಿನಲ್ಲಿ ನಿಂತಿತು. ಕಿಟಕಿಯಾಚೆ, ಎತ್ತರದಲ್ಲಿ, ಒಂದು ಹೊಸ ಫ್ಲೆಕ್ಸ್. ಒಬ್ಬಳೇ ಹೆಂಗಸು. ಅಕ್ಷರಕ್ಕೆ ಅಡ್ಡವಾಗಿ ಲಾರಿ. ಇಷ್ಟೆಲ್ಲ ಆದ ಮೇಲೂ, ಇಷ್ಟೆಲ್ಲ ಗೊತ್ತಿದ್ದೂ, ನನ್ನ ಕೈ ತಾನಾಗಿ ಎದೆಯ ಮೇಲೆ ಹೋಯಿತು. "ಶಿವನೇ..." ಎಂದು ಬಾಯಿ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ, ನನಗೆ ಗುರುತಿಲ್ಲದ ಮುದುಕಿ ಮೊಣಕೈಯಿಂದ ತಿವಿದು, ನನ್ನ ಮೇಲೆ ಬಾಗಿ ಕಿಟಕಿಯಿಂದ ನೋಡಿದಳು.

"ಯವ್ವಾ, ಓದಾಕ ಬರ್ತೈತೇನು ನಿನಗ? ನೋಡ ಹೇಳು, ಇಕಿ ಏನ್ ಚಾಲೂ ಮಾಡ್ಯಾಳಂತ?"

ನಾನು ಎದೆಯ ಮೇಲಿಂದ ಕೈ ತೆಗೆದೆ.